ಒಂಬತ್ತು ಹುಡುಗರು, ಒಂಬತ್ತು ಮರಿ

ಕನಾಶಿ ಶಾಲೆಯ ಹುಡುಗರ ಕಥೆ ನಿಮಗೆ ಹೇಳಿಲ್ಲ ಅಲ್ಲವೇ? ಕೇಳಿ.

2018ರ ಆಗಸ್ಟ್. ನಾನಾಗ ಒಸಾಕದಲ್ಲಿದ್ದೆ. ಆ ತಿಂಗಳು ಯಾವ ಹೋಟೆಲಿಗೆ ಹೋದರೂ ಟಿ.ವಿ.ಯಲ್ಲಿ ಕೋಶಿಯೆನ್. ಹೈಸ್ಕೂಲು ಹುಡುಗರ ಬೇಸ್‌ಬಾಲ್ ಪಂದ್ಯಾವಳಿ ಅದು. ಆಡುವ ಮೈದಾನದ ಹೆಸರೇ ಅದಕ್ಕೂ ಅಂಟಿಕೊಂಡಿದೆ. ಒಂದು ಪಂದ್ಯ ಸೋತರೆ ಊರಿಗೆ ವಾಪಸ್. ಸೋತವರು ಅಳುತ್ತಾ ಮೈದಾನದ ಕಪ್ಪು ಮಣ್ಣನ್ನು ಗೋರಿ ಚೀಲಕ್ಕೆ ತುಂಬಿಕೊಳ್ಳುತ್ತಾರೆ.

ಆ ವರ್ಷದ್ದು ನೂರನೇ ಪಂದ್ಯಾವಳಿ, 56 ಶಾಲೆಗಳು. ದೊಡ್ಡ ಖಾಸಗಿ ಶಾಲೆಗಳು ಎಲ್ಲೆಲ್ಲಿಂದಲೋ ಆಟಗಾರರನ್ನು ಆರಿಸಿ ತರುತ್ತವೆ. ಅಂಥವರ ನಡುವೆ ಉತ್ತರದ ಅಕಿತಾದಿಂದ ಬಂದದ್ದು ಕನಾಶಿ, ಸರ್ಕಾರಿ ಕೃಷಿ ಶಾಲೆ. ಆಡುವ ಒಂಬತ್ತೂ ಜನ ಅದೇ ಸೀಮೆಯವರು. ಗೆದ್ದಾಗಲೆಲ್ಲ ಬಿಲ್ಲಿನಂತೆ ಹಿಂದಕ್ಕೆ ಬಾಗಿ, ಆಕಾಶ ನೋಡುತ್ತಾ ಶಾಲೆಯ ಹಾಡನ್ನು ಕೂಗಿ ಹಾಡುತ್ತಿದ್ದರು.

ಆಗಸ್ಟ್ 18ರ ಸಂಜೆ ಕ್ವಾರ್ಟರ್‌ಫೈನಲ್, ಎದುರಿಗೆ ಶಿಗಾದ ಓಮಿ ಶಾಲೆ. ಒಂಬತ್ತನೇ ಇನಿಂಗ್ಸ್, ಅದೇ ಕೊನೆ. ಕನಾಶಿಯದು 1, ಓಮಿಯದು 2. ಮೂರೂ ಬೇಸಿನಲ್ಲಿ ಕನಾಶಿ ಹುಡುಗರು, ಒಬ್ಬನೂ ಔಟಾಗಿಲ್ಲ. ಬ್ಯಾಟಿಗೆ ಬಂದವನು ಒಂಬತ್ತನೆಯವನು. ಅವನು ಬೀಸಲಿಲ್ಲ, ಬ್ಯಾಟನ್ನು ಅಡ್ಡ ಹಿಡಿದು ಚೆಂಡನ್ನು ಮೂರನೇ ಬೇಸಿನ ಕಡೆಗೆ ಮೆತ್ತಗೆ ಉರುಳಿಸಿದ. ಮೂರನೇ ಬೇಸಿನಲ್ಲಿದ್ದ ಹುಡುಗ ಹೋಮ್‌ಗೆ ಓಡಿ ಬಂದ, ಒಂದು ರನ್, 2-2. ಫೀಲ್ಡರ್ ಚೆಂಡೆತ್ತಿ ಮೊದಲ ಬೇಸಿಗೆ ಎಸೆದ, ಎಲ್ಲರ ಕಣ್ಣೂ ಅತ್ತ. ಇತ್ತ ನೋಡಿದರೆ ಎರಡನೇ ಬೇಸಿನಲ್ಲಿದ್ದವ ಮೂರನೆಯದನ್ನೂ ದಾಟಿ ನಿಲ್ಲದೆ ಬರುತ್ತಿದ್ದಾನೆ! ಚೆಂಡು ವಾಪಸಾಗುವಷ್ಟರಲ್ಲಿ ಹಾರಿ, ಎದೆಯ ಮೇಲೆ ಜಾರಿ, ಕೈಚಾಚಿ ಹೋಮ್ ಮುಟ್ಟೇಬಿಟ್ಟ. 3-2. ಓಮಿಯ ಕ್ಯಾಚರ್ ಮಣ್ಣಿಗೆ ಬಿದ್ದವನು ಎಷ್ಟು ಹೊತ್ತಾದರೂ ಏಳಲಿಲ್ಲ, ಪಾಪ. ನಮ್ಮ ಹೋಟೆಲಿನ ಯಜಮಾನರು ಒಲೆ ಬಿಟ್ಟು ಬಂದು ಸೌಟು ಎತ್ತಿ ಕುಣಿದರು.

ಅದೇ ದಿನ ಅಕಿತಾದಲ್ಲಿ ಶಾಲೆಯ ಹಂದಿ ಮರಿ ಹಾಕಿತು. ಎಷ್ಟು ಅಂತೀರಿ? ಒಂಬತ್ತು! ಪತ್ರಿಕೆಯವರು ಬಿಡುತ್ತಾರೆಯೇ?

ಸೆಮಿಫೈನಲನ್ನೂ ಗೆದ್ದರು. 21ಕ್ಕೆ ಫೈನಲ್, ಒಸಾಕ ತೋಯಿನ್ ಶಾಲೆಯ ಮೇಲೆ. 1915ರ ಮೊದಲ ಪಂದ್ಯಾವಳಿ ಬಿಟ್ಟರೆ ಅಕಿತಾದ ಶಾಲೆ ಅಲ್ಲಿವರೆಗೆ ಬಂದದ್ದೇ ಇಲ್ಲ. ಯಜಮಾನರು ಒಸಾಕದಲ್ಲೇ ಹುಟ್ಟಿದವರು, ಆದರೂ ಅಂದು ಅಕಿತಾ ಕಡೆ. ಆದರೆ ಕನಾಶಿಗೆ ಚೆಂಡೆಸೆಯುವ ಪಿಚರ್ ಯೋಶಿದಾ ಕೋಸೆಯಿಯ ತೋಳು ಸೋತಿತ್ತು. ಐದು ಇನಿಂಗ್ಸಿನಲ್ಲಿ 12 ರನ್ ಕೊಟ್ಟ ಮೇಲೆ ಚೆಂಡು ಬೇರೆಯವನ ಕೈಗೆ ಹೋಯಿತು. 13-2ಕ್ಕೆ ಸೋತರು.

ಆ ಪಂದ್ಯಾವಳಿಯಲ್ಲಿ ಅವನೊಬ್ಬನೇ ಎಸೆದದ್ದು 881 ಚೆಂಡು. ಕ್ರಿಕೆಟ್ ಲೆಕ್ಕದಲ್ಲಿ ಹತ್ತಿರಹತ್ತಿರ 147 ಓವರ್, ಅದೂ ಎರಡು ವಾರದೊಳಗೆ, ಆ ಬಿಸಿಲಲ್ಲಿ! ಜನ ಇದನ್ನೇ ಕಣ್ಣಿಗೊತ್ತಿಕೊಂಡು ಹೊಗಳುತ್ತಿದ್ದರು. ನನಗೆ ಮಾತ್ರ ಸಿಟ್ಟು ಬಂದಿತ್ತು. ಹುಡುಗ ಬಿಡಲೊಲ್ಲೆ ಅಂದರೆ ದೊಡ್ಡವರಾದವರು ಚೆಂಡು ಕಸಿದುಕೊಳ್ಳಬೇಡವೇ? ಮರುವರ್ಷ ಹೈಸ್ಕೂಲ್ ಬೇಸ್‌ಬಾಲ್ ಒಕ್ಕೂಟ ಒಬ್ಬ ಪಿಚರ್‌ಗೆ ವಾರಕ್ಕೆ 500 ಎಸೆತದ ಮಿತಿ ಹಾಕಿತು. ಅಷ್ಟಾದರೂ ಯಜಮಾನರ ಜೊತೆ ನನ್ನ ಜಗಳ ಮುಗಿಯಲಿಲ್ಲ. ಐನೂರೂ ಹೆಚ್ಚೇ ಎಂದು ನಾನು, ಇನ್ನು ಆಟವೇ ಸಪ್ಪೆ ಎಂದು ಅವರು.