ಏಳು ಕೋಟಿಯ ಭಾಷೆ ಯಾವುದು?

ಕಾಗವಾಡ ತಾಲೂಕಿನ ಮಂಗಸೂಳಿಯ ದೇವರು ಖಂಡೋಬಾ. ಕನ್ನಡದವರ ಬಾಯಲ್ಲಿ ಅವನೇ ಮೈಲಾರ, ಮಲ್ಲಯ್ಯ. ಅವನು ಮಣಿ, ಮಲ್ಲ ಎಂಬ ರಕ್ಕಸರನ್ನು ಗೆದ್ದ ನೆನಪಿನ ಹಬ್ಬ ಮಾರ್ಗಶಿರದ ಚಂಪಾಷಷ್ಠಿ.

ಈ ಹಬ್ಬದ ಮೇಳಕ್ಕೆ ವೇದಿಕೆ ಬೇಡ, ತಾಲೀಮೂ ಬೇಡ. ಮರಾಠಿ ವಾಘ್ಯಾಗಳ ಕೈಯಲ್ಲಿ ದಿಮಡಿ, ಗಂಟೆ, ಒಂಟಿ ತಂತಿಯ ತುಂತುಣೆ. ಕನ್ನಡದ ಗೊರವರದು ಡಮರುಗ, ಕೊಳಲು. ಭಂಡಾರ ಹಾರಿತೆಂದರೆ ಎಲ್ಲರ ಹಣೆಯೂ ಹಳದಿ. ಯಾರು ಯಾವ ಭಾಷೆಯವರು ಎಂದು ಗುರುತು ಹಿಡಿಯುವುದು ಕಷ್ಟ.

ಸಂಶೋಧನೆಗಾಗಿ ನಾನು ಇಲ್ಲಿ ರೆಕಾರ್ಡ್ ಮಾಡಿಕೊಂಡ ಒಂದು ಹಾಡು ಮರಾಠಿಯಲ್ಲಿ ಶುರುವಾಗಿ ನಡುವೆ ಕನ್ನಡಕ್ಕೆ ಹೊರಳುತ್ತದೆ. ತಾಳ ತಪ್ಪುವುದಿಲ್ಲ. ಕೇಳುತ್ತ ಕೂತವರು ತಲೆಯೆತ್ತಿಯೂ ನೋಡಲಿಲ್ಲ. ಅವರಿಗದು ಹೊಸದಲ್ಲ. ಜೇಜುರಿಯ ಮೆಟ್ಟಿಲುಗಳ ಮೇಲೆ ಮರಾಠಿ ಭಕ್ತರು ಕೂಗುವ ‘ಯೆಳಕೋಟ’ ಕನ್ನಡದ ‘ಏಳು ಕೋಟಿ’ಯೇ ಎಂದು ವಿದ್ವಾಂಸರು ಹೇಳುತ್ತಾರೆ.

1956ರ ನವೆಂಬರ್ 1ರಂದು ಭಾಷೆಯ ಆಧಾರದ ಮೇಲೆ ರಾಜ್ಯಗಳಾದವು. ಅಂದಿನಿಂದಲೂ ಗಡಿಯ ಜಗಳ ಎದ್ದಾಗಲೆಲ್ಲ ಬಸ್ಸುಗಳು ನಿಲ್ಲುತ್ತವೆ, ನಾಮಫಲಕಗಳಿಗೆ ಮಸಿ ಬೀಳುತ್ತದೆ. ಬಸ್ಸು ನಿಂತ ದಿನ ಆಚೆಯ ದಿಮಡಿಯವನು ಈಚೆಗೆ ಬರಲಾರ. ಅವನಿಲ್ಲದಿದ್ದರೆ ನಾನು ಕೇಳಿದ ಹಾಡು ಅರ್ಧಕ್ಕೇ ನಿಲ್ಲುತ್ತದೆ, ಅದೂ ಕನ್ನಡದ ಸಾಲು ಬರುವ ಮೊದಲೇ.

ನನ್ನ ಪ್ರಬಂಧದ ಕೋಷ್ಟಕದಲ್ಲಿ ‘ಹಾಡಿನ ಭಾಷೆ’ ಎಂಬ ಕಾಲಂ ಇದೆ. ಒಂದನ್ನೇ ಬರೆದರೆ ಎಣಿಕೆ ಸುಲಭ ಎನ್ನುತ್ತಾರೆ. ನಾನು ಎರಡನ್ನೂ ಬರೆದಿದ್ದೇನೆ. ಮೌಖಿಕ ಪರೀಕ್ಷೆಯಲ್ಲಿ ಯಾರಾದರೂ ಕೇಳಿದರೆ, ವಾದಿಸುವ ಬದಲು ಆ ಹಾಡನ್ನೇ ಹಾಕಿ ಕೇಳಿಸುತ್ತೇನೆ.