ಮನೆ ಪ್ಲಾನಿನಲ್ಲಿ ಕನ್ನಡ ಬರೆಯುವ ಪಾಡು

ಮನೆ ಪ್ಲಾನ್ ಅಂದರೆ ಗೆರೆ ಮತ್ತು ಅಳತೆ, ಅಷ್ಟೇ ಅಂತ ಬಹಳ ಜನ ತಿಳಿದಿದ್ದಾರೆ. ಗೋಡೆ ಎಲ್ಲಿ, ಬಾಗಿಲು ಎಲ್ಲಿ ಅನ್ನೋದನ್ನು ಗೆರೆ ಹೇಳುತ್ತದೆ, ನಿಜ. ಆದರೆ ಯಾವ ಸ್ಲ್ಯಾಬ್ ತಗ್ಗಿಸಬೇಕು, ಕಿಟಕಿ ನೆಲದಿಂದ ಎಷ್ಟು ಎತ್ತರಕ್ಕೆ ಕೂರಬೇಕು, ಕಬ್ಬಿಣ ಎಷ್ಟು ದಪ್ಪದ್ದು ಅನ್ನೋದೆಲ್ಲ ಗೆರೆ ಪಕ್ಕದ ಸಣ್ಣ ಅಕ್ಷರದಲ್ಲಿ ಇರುತ್ತದೆ. ನಮ್ಮ ಕಡೆ ಆ ಅಕ್ಷರ ಇಂಗ್ಲಿಷಿನದು, ಅದೂ ಅರ್ಧಕ್ಕೆ ಕತ್ತರಿಸಿದ ಇಂಗ್ಲಿಷು.

ಪಕ್ಕದ ಊರಿನ ಪರಿಚಯದವರೊಬ್ಬರು ರಸ್ತೆ ಬದಿ ಜಾಗದಲ್ಲಿ ಕೆಳಗೆ ಎರಡು ಮಳಿಗೆ, ಮೇಲೆ ಮನೆ ಕಟ್ಟಿಸಿದರು. ಮೇಲಿನ ಬಚ್ಚಲಿನ ಜಾಗದಲ್ಲಿ ಸ್ಲ್ಯಾಬ್ 9 ಇಂಚು ತಗ್ಗಿರಬೇಕು ಅಂತ ಪ್ಲಾನಿನಲ್ಲಿ ಬರೆದಿತ್ತು. ಪೈಪು ಆ ತಗ್ಗಿನಲ್ಲಿ ಹಾಯ್ದು, ಮೇಲೆ ತುಂಬಿ ನೆಲ ಸಮ ಮಾಡುವುದು ರೂಢಿ. ಗೌಂಡಿ ಎಲ್ಲ ಕಡೆ ಒಂದೇ ಮಟ್ಟಕ್ಕೆ ಸ್ಲ್ಯಾಬ್ ಹಾಕಿಬಿಟ್ಟರು. ಪೈಪು ಮುಚ್ಚಲು ಆಮೇಲೆ ಬಚ್ಚಲನ್ನೇ ಎತ್ತರಿಸಬೇಕಾಯಿತು. ಮನೆಯ ಹಿರಿಯವ್ವನಿಗೆ ಮಂಡಿ ನೋವು. ರಾತ್ರಿ ಬಚ್ಚಲಿಗೆ ಹೋಗಬೇಕೆಂದರೆ ಯಾರಾದರೂ ಎದ್ದು ಕೈ ಹಿಡಿದು ಆ ಕಟ್ಟೆ ಹತ್ತಿಸಬೇಕು.

ಗೌಂಡಿಯನ್ನು ಬೈದವರೇ ಹೆಚ್ಚು. ನಾನು ಹೋಗಿ ಕೇಳಿದಾಗ ಅವರು ಹೇಳಿದ್ದು ಇಷ್ಟು: ‘ಗೆರಿ ನೋಡೀನಿ, ಅಳತಿ ಹಿಡದೀನಿ. ಆ ಅಕ್ಷರ ಏನಂತ ಯಾರ ಹೇಳಬೇಕ್ರಿ ಸರ?’ ನನಗೆ ಅವರದು ತಪ್ಪು ಅನ್ನಿಸಲಿಲ್ಲ.

ತಾಲ್ಲೂಕು ಕೇಂದ್ರದಲ್ಲಿ ಪ್ಲಾನ್ ಹಾಕುವ ಹುಡುಗನ ಹತ್ತಿರ ಹೋಗಿ, ಕನ್ನಡದಲ್ಲಿ ಯಾಕೆ ಬರೆಯಲ್ಲಪ್ಪ ಅಂದೆ. ಅವನು ಕೀಬೋರ್ಡನ್ನೇ ನನ್ನ ಕಡೆ ತಿರುಗಿಸಿದ. ‘ಬಚ್ಚಲು’ ಅಂತ ಹೊಡೆದೆ. ಪರದೆ ಮೇಲೆ ಬಂದದ್ದು ಸಾಲು ಪ್ರಶ್ನಾರ್ಥಕ ಚಿಹ್ನೆ.

ಇದಕ್ಕೊಂದು ಹಳೇ ಕಾರಣ ಇದೆ. ಆಟೋಕ್ಯಾಡ್ ಬಂದದ್ದು 1982ರಲ್ಲಿ. ಆ ಕಾಲದ ನಕ್ಷೆಗಳನ್ನು ಕಾಗದದ ಮೇಲೆ ಬರೆಯುತ್ತಿದ್ದದ್ದು ಪೆನ್ನು ಹಿಡಿದ ಪ್ಲಾಟರ್ ಯಂತ್ರ. ಪೆನ್ನು ಎಲ್ಲಿಂದ ಎಲ್ಲಿಗೆ ಓಡಬೇಕು ಅನ್ನುವ ಲೆಕ್ಕದಲ್ಲೇ ಅಕ್ಷರ ಕಟ್ಟಿದರು. ಎಸ್‌ಎಚ್‌ಎಕ್ಸ್ ಫಾಂಟ್ ಅನ್ನುವುದು ಅವಕ್ಕೇ. ಪ್ಲಾನ್ ಹಾಕುವವರು ಇಂದಿಗೂ ಅವನ್ನು ಬಳಸುತ್ತಾರೆ, ಹಗುರ ಅಂತ. ಅವುಗಳಲ್ಲಿ ಕನ್ನಡ ಇಲ್ಲ.

ವಿಂಡೋಸ್ ಜೊತೆ ಬರುವ ತುಂಗಾ ಅಥವಾ ನಿರ್ಮಲಾ ಫಾಂಟ್ ಹಾಕಿದರೆ ಅಕ್ಷರ ಬರುತ್ತದೆ. ಆದರೆ ಅವನ ಕಂಪ್ಯೂಟರಿನಲ್ಲಿದ್ದ ಹಳೇ ಸಾಫ್ಟ್‌ವೇರಿನಲ್ಲಿ ‘ಬಚ್ಚಲು’ ಹೋಗಿ ‘ಬಚ್‌ಚಲು’ ಆಯಿತು, ‘ಸ್ನಾನ’ ‘ಸ್‌ನಾನ’ ಆಯಿತು. ಯೂನಿಕೋಡಿನಲ್ಲಿ ‘ಚ್ಚ’ ಒಂದೇ ಅಕ್ಷರವಲ್ಲ. ಚ, ಅರ್ಧ ಮಾಡುವ ಚಿಹ್ನೆ, ಮತ್ತೆ ಚ, ಹೀಗೆ ಮೂರು ಸಂಕೇತ. ಜೋಡಿಸಿ ಒತ್ತು ಮಾಡುವುದು ಸಾಫ್ಟ್‌ವೇರಿನ ಕೆಲಸ. ಅದಕ್ಕೆ ಆ ಕೆಲಸ ಬರದಿದ್ದರೆ ನಾವೇನು ಹೊಡೆದರೂ ಅಷ್ಟೇ.

ಎರಡನೇ ದಾರಿ ನುಡಿಯ ಹಳೇ ಆಸ್ಕಿ ಫಾಂಟ್. ಪತ್ರಿಕೆಗೆ ಸುದ್ದಿ ಕಳಿಸುವ ನಮ್ಮಂಥವರಿಗೆ ಇದು ಹಳೇ ನೆಂಟ. ಇಂಗ್ಲಿಷ್ ಸಂಕೇತಗಳ ಜಾಗದಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸಿರುತ್ತಾರೆ, ಹಾಗಾಗಿ ಒತ್ತು ಸರಿಯಾಗಿಯೇ ಬೀಳುತ್ತದೆ. ಆದರೆ ಅದೇ ಡ್ರಾಯಿಂಗ್ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬಚ್ಚಲಿನ ಜಾಗದಲ್ಲಿ ಚುಕ್ಕೆ, ಟೋಪಿ ಹೊತ್ತ ಇಂಗ್ಲಿಷ್ ಅಕ್ಷರಗಳ ಜಾತ್ರೆ.

ಮೂರನೆಯದು, ಅಕ್ಷರವನ್ನು ಒಡೆದು ಬರೀ ಗೆರೆ ಮಾಡಿಬಿಡುವುದು. ಎಲ್ಲಿ ತೆರೆದರೂ ಕನ್ನಡವಾಗಿಯೇ ಕಾಣುತ್ತದೆ. ಆದರೆ ಆಮೇಲೆ ಅದು ಅಕ್ಷರವಲ್ಲ, ಚಿತ್ರ. ಹುಡುಕಿದರೆ ಸಿಗದು. 9 ಇಂಚನ್ನು 8 ಮಾಡಬೇಕಾದರೆ ಅಳಿಸಿ ಮೊದಲಿಂದ ಬರೆಯಬೇಕು. ಕೆಲಸ ಮುಗಿಯುವ ತನಕ ಪ್ಲಾನ್ ಹತ್ತು ಸಲ ಬದಲಾಗುತ್ತದೆ, ಅಷ್ಟು ಸಲ ಯಾರು ಕೂತು ಬರೆಯುತ್ತಾರೆ?

ಹುಡುಗ ಕೊನೆಗೆ ಹಿಡಿದ ದಾರಿ ನನಗೆ ಹಿಡಿಸಿತು. ಪ್ಲಾನಿನೊಳಗೆ ಸುತ್ತು ಹಾಕಿದ ಅಂಕಿ ಮಾತ್ರ, 1, 2, 3. ಪಕ್ಕದಲ್ಲಿ ಆ ಅಂಕಿಗಳ ಕನ್ನಡ ಪಟ್ಟಿ. ಪಟ್ಟಿಯನ್ನು ವರ್ಡ್‌ನಲ್ಲಿ ಬರೆದು, ಚಿತ್ರ ಮಾಡಿ ಅಂಟಿಸುತ್ತಾನೆ. ಏನಾದರೂ ಬದಲಾದರೆ ಎರಡೂ ಕಡೆ ತಿದ್ದಬೇಕು, ಆ ತಾಪತ್ರಯ ಇದ್ದೇ ಇದೆ.

ಇನ್ನೊಂದು ಸಂಗತಿ ಅಕ್ಷರದ ಎತ್ತರದ್ದು. ಕಂಪ್ಯೂಟರಿನಲ್ಲಿ ಮನೆಯನ್ನು ಅದರ ನಿಜವಾದ ಅಳತೆಯಲ್ಲೇ ಬರೆಯುತ್ತಾರೆ. ನೂರರಲ್ಲಿ ಒಂದು ಪಾಲಿಗೆ ಇಳಿಸಿ ಅಚ್ಚು ಹಾಕಿದಾಗ ಅಕ್ಷರ 2.5 ಮಿ.ಮೀ. ಕಾಣಬೇಕಾದರೆ ಅಲ್ಲಿ ಅದನ್ನು 250 ಮಿ.ಮೀ. ಎತ್ತರಕ್ಕೆ ಬರೆಯಬೇಕು. ಎ3 ಹಾಳೆಯ ಪ್ಲಾನನ್ನು ಝೆರಾಕ್ಸ್ ಅಂಗಡಿಯಲ್ಲಿ ಎ4ಗೆ ಕುಗ್ಗಿಸಿದರೆ ಅದೇ ಅಕ್ಷರ ಸುಮಾರು 1.8 ಮಿ.ಮೀ. ಆಗುತ್ತದೆ. ಇಂಗ್ಲಿಷಿನ ದೊಡ್ಡಕ್ಷರ ಅಷ್ಟರಲ್ಲೂ ಬದುಕಿಕೊಳ್ಳುತ್ತದೆ. ನಮ್ಮ ಒತ್ತು ಅಕ್ಷರದ ಅಡಿಯಲ್ಲಿ ಅದಕ್ಕಿಂತ ಚಿಕ್ಕದಾಗಿ ಕೂತಿರುತ್ತದೆ, ಮೊದಲು ಮಸಿಯಾಗುವುದು ಅದೇ. ಅದಕ್ಕೆ ಕನ್ನಡವನ್ನು ಒಂದು ಅಳತೆ ದೊಡ್ಡದಾಗಿಯೇ ಬರೆಸಿ, ಸಾಲುಗಳ ನಡುವೆ ಜಾಗ ಬಿಡಿಸಿ.

ವಾಟ್ಸಾಪಿನಲ್ಲಿ ಪ್ಲಾನ್ ತರಿಸಿಕೊಳ್ಳುವವರು ಫೋಟೊ ಬೇಡ ಅನ್ನಿ. ಫೋಟೊ ಕುಗ್ಗಿ ಬರುತ್ತದೆ, ದೊಡ್ಡದು ಮಾಡಿ ನೋಡಿದರೆ ಸಣ್ಣ ಅಕ್ಷರ ಮಸುಕು. ಪಿಡಿಎಫ್ ಮಾಡಿ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಅಚ್ಚು ಹಾಕುವ ಮುಂಚೆ ಪಟ್ಟಿಯನ್ನು ಗೌಂಡಿಯ ಎದುರು ಒಂದು ಸಲ ಗಟ್ಟಿಯಾಗಿ ಓದಿ.

ಹಾಗೆ ಓದಿದ ಮೊದಲ ಪಟ್ಟಿಯಲ್ಲಿ ‘ಯುಟಿಲಿಟಿ’ ಅನ್ನುವಲ್ಲಿ ಹುಡುಗ ‘ಉಪಯುಕ್ತತೆ’ ಅಂತ ಬರೆದಿದ್ದ. ಗೌಂಡಿ ನಕ್ಕರು. ‘ಅರಿವಿ ಒಗ್ಯೂ ಜಾಗ ಅಂತ ಬರಿಯೋ ತಮ್ಮಾ’ ಅಂದರು. ಅವನು ಹಾಗೇ ತಿದ್ದಿ, ಕೆಳಗೆ 9 ಇಂಚಿನ ಸಾಲನ್ನು ದಪ್ಪ ಅಕ್ಷರಕ್ಕೆ ಬದಲಿಸಿದ.