ವಾಲಿಸಿ ಒದೆಯುವ ವಿದ್ಯೆ

ಬೆಳಗ್ಗೆ ಹೊತ್ತಿಗೆ ಸರಿಯಾಗಿ ಗೃಹಸ್ಥನೊಬ್ಬ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹಣೆಗೆ ಗಂಧ ಇಟ್ಟುಕೊಂಡು, ಮನೆ ಮುಂದಿನ ಸ್ಕೂಟರನ್ನು ಇನ್ನೇನು ನೆಲಕ್ಕೆ ಒರಗಿತು ಎನ್ನುವಷ್ಟು ವಾಲಿಸಿ, ಎತ್ತಿ ನಿಲ್ಲಿಸಿ, ಆಮೇಲೆ ಅದನ್ನು ಒಂದೇ ಸಮನೆ ಒದೆಯುತ್ತಿದ್ದ ಎಂದರೆ ಈಗಿನ ಮಕ್ಕಳು, 'ಯಾಕೆ, ಜಗಳ ಆಗಿತ್ತಾ?' ಎನ್ನುತ್ತಾರೆ. ಜಗಳವಲ್ಲ, ಅದು ಆಫೀಸಿಗೆ ಹೊರಡುವ ಕ್ರಮ. ರಾತ್ರಿಯೆಲ್ಲ ನಿಂತ ಗಾಡಿಯ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಕಡಿಮೆಯಾಗಿರುತ್ತದೆ, ವಾಲಿಸಿದರೆ ಇಳಿಯುತ್ತದೆ ಎಂದು ಕೆಲವರ ವಾದ. ಪೆಟ್ರೋಲು ಹೆಚ್ಚಾಗಿ ಪ್ಲಗ್ಗು ಒದ್ದೆಯಾಗಿದೆ, ವಾಲಿಸಿದರೆ ಚೆಲ್ಲಿಹೋಗುತ್ತದೆ ಎಂದು ಇನ್ನು ಕೆಲವರ ವಾದ. ಒಂದಕ್ಕೊಂದು ವಿರುದ್ಧವಾದ ಎರಡು ರೋಗಕ್ಕೆ ಒಂದೇ ಮದ್ದು. ವಿಚಿತ್ರವೆಂದರೆ ಎರಡೂ ಪಂಗಡದವರ ಗಾಡಿಗಳು ಕೊನೆಗೆ ಸ್ಟಾರ್ಟ್ ಆಗುತ್ತಿದ್ದವು.

ಆ ಕಾಲದಲ್ಲಿ ಸ್ಕೂಟರ್ ಎಂದರೆ ಬಹುಮಟ್ಟಿಗೆ ಒಂದೇ ಆಕಾರ. ಮಹಾಯುದ್ಧ ಮುಗಿದ ಮೇಲೆ ಇಟಲಿಯ ಪಿಯಾಜಿಯೊ ಕಂಪನಿ 1946ರಲ್ಲಿ ವೆಸ್ಪಾ ಹೊರತಂದಿತು. ಅದನ್ನು ರೂಪಿಸಿದ ಕೊರಾಡಿನೊ ದಾಸ್ಕಾನಿಯೊ ವಿಮಾನ, ಹೆಲಿಕಾಪ್ಟರುಗಳ ಎಂಜಿನಿಯರು. ಮೋಟಾರ್‌ಸೈಕಲ್ ಕಂಡರೆ ಆತನಿಗೆ ಆಗುತ್ತಿರಲಿಲ್ಲ. ಬಟ್ಟೆಗೆ ಎಣ್ಣೆ ತಾಗಬಾರದು, ಕಾಲು ಎತ್ತಿ ಹಾಕದೆ ಕೂರುವಂತಿರಬೇಕು, ಚಕ್ರವನ್ನು ಯಾರು ಬೇಕಾದರೂ ಬಿಚ್ಚುವಂತಿರಬೇಕು ಎಂಬುದು ಅವನ ಲೆಕ್ಕ. ಮುಂದಿನ ಚಕ್ರವನ್ನು ಒಂದೇ ಬದಿಯಿಂದ ಹಿಡಿದ ತೋಳು ವಿಮಾನದ ಚಕ್ರದ ತೋಳಿನ ತಮ್ಮನೇ. ಅದೇ ವಂಶದ ಚೇತಕ್ 1972ರಲ್ಲಿ ನಮ್ಮಲ್ಲಿ ಹುಟ್ಟಿತು. ರಾಣಾ ಪ್ರತಾಪನ ಕುದುರೆಯ ಹೆಸರು. ಬುಕ್ ಮಾಡಿದವರು ಗಾಡಿಗಾಗಿ ವರ್ಷಗಟ್ಟಲೆ ಕಾಯುತ್ತಿದ್ದರು. ಕನ್ಯೆ ನೋಡುವಾಗ ಬುಕ್ ಮಾಡಿದ ವರ, ಗಾಡಿ ಬರುವ ಹೊತ್ತಿಗೆ ಮಕ್ಕಳನ್ನು ಮುಂದೆ ನಿಲ್ಲಿಸಿಕೊಂಡು ಮನೆಗೆ ತಂದದ್ದೂ ಉಂಟು.

ಅಷ್ಟು ಕಾಯುವ ತಾಳ್ಮೆ ನಮ್ಮಪ್ಪನಿಗೆ ಇರಲಿಲ್ಲ, ಹೊಸದಕ್ಕೆ ದುಡ್ಡೂ ಇರಲಿಲ್ಲ. ಶಿವಮೊಗ್ಗದ ನಮ್ಮ ಮನೆಗೆ ಬಂದದ್ದು ಎರಡು ಕೈ ದಾಟಿ ಬಂದ, ಆಕಾಶನೀಲಿ ಎಂದು ಆರ್‌ಸಿ ಪುಸ್ತಕ ಮಾತ್ರ ಹೇಳುತ್ತಿದ್ದ ಒಂದು ಸ್ಕೂಟರು. ಸಹಕಾರಿ ಬ್ಯಾಂಕಿನ ಗುಮಾಸ್ತರಾಗಿದ್ದ ಅಪ್ಪ ಅದರ ವಿಷಯದಲ್ಲಿ ವೈದ್ಯ, ಪುರೋಹಿತ, ಲೆಕ್ಕಪರಿಶೋಧಕ ಮೂರೂ ಆಗಿದ್ದರು. ಟೂ ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಬೇಕು, ಲೀಟರಿಗೆ 20 ಮಿಲಿ. ಬಂಕಿನ ಹುಡುಗ ಅಂದಾಜಿನಲ್ಲಿ ಸುರಿಯುವುದನ್ನು ಅಪ್ಪ ಸಹಿಸುತ್ತಿರಲಿಲ್ಲ. ಕೆಮ್ಮಿನ ಔಷಧದ ಅಳತೆ ಮುಚ್ಚಳವನ್ನು ಅಂಗಿ ಜೇಬಿನಲ್ಲೇ ಇಟ್ಟುಕೊಂಡು ಹೋಗಿ, ಗೆರೆ ನೋಡಿ ಅಳೆದು ಹಾಕಿ, ಕೊನೆಗೆ, 'ಪಾಪ, ಹಳೇ ಎಂಜಿನ್ನು' ಎಂದು ಅರ್ಧ ಮುಚ್ಚಳ ಹೆಚ್ಚಿಗೆ ಸುರಿಯುತ್ತಿದ್ದರು. ಆ ಅರ್ಧ ಮುಚ್ಚಳದ ಕರುಣೆಯೇ ಹಿಂದಿನಿಂದ ನೀಲಿ ಹೊಗೆಯಾಗಿ ಹೊರಡುತ್ತಿತ್ತು, ಪ್ಲಗ್ಗಿನ ಮೂತಿಗೆ ಮಸಿಯಾಗಿ ಅಂಟುತ್ತಿತ್ತು.

ಹಾಗಾಗಿ ಭಾನುವಾರ ಪ್ಲಗ್ಗಿನ ದಿನ. ಪಾನೆ ಹಾಕಿ ಬಿಚ್ಚಿ, ಎಮರಿ ಪೇಪರಿನಲ್ಲಿ ಉಜ್ಜಿ, ಊದಿ, ಬೆಳಕಿಗೆ ಹಿಡಿದು ನೋಡುವುದು. ಕಿಡಿ ಹಾರುವ ಸಂದು ಸುಮಾರು 0.6 ಮಿಲಿಮೀಟರ್ ಇರಬೇಕು. ಅದನ್ನು ಅಳೆಯುವ ಗೇಜು ನಮ್ಮ ಮನೆಯಲ್ಲೆಲ್ಲಿ? ಮುರಿದ ಹ್ಯಾಕ್‌ಸಾ ಬ್ಲೇಡಿನ ಚೂರು ಸಾಕಾಗುತ್ತಿತ್ತು. ಅದರ ದಪ್ಪವೂ ಹೆಚ್ಚುಕಡಿಮೆ ಅಷ್ಟೇ. ಈ ಗುಟ್ಟನ್ನು ಊರಿನ ಮೇಸ್ತ್ರಿಗಳೆಲ್ಲ ಬಲ್ಲರು. ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಕೇಳಿದ್ದನ್ನು ಕೊಡುವ ಕಾಂಪೌಂಡರ್. ಹಲ್ಲುಜ್ಜುವ ಹಳೇ ಬ್ರಷ್ಷು, ಸೀಮೆಎಣ್ಣೆ ಬಟ್ಟಲು, ಹರಿದ ಬನಿಯನ್ನು. ಬನಿಯನ್ನಿನ ವಿಷಯದಲ್ಲಿ ಅಮ್ಮನಿಗೂ ಅಪ್ಪನಿಗೂ ಅಭಿಪ್ರಾಯಭೇದ ಇತ್ತು. ಹರಿದದ್ದು ಯಾವುದು, ಇನ್ನೂ ಹಾಕಿಕೊಳ್ಳುವಂಥದ್ದು ಯಾವುದು ಎಂಬ ಗಡಿರೇಖೆ ಕೊನೆಯವರೆಗೂ ಇತ್ಯರ್ಥವಾಗಲಿಲ್ಲ.

ಗಾಡಿಯ ಎಂಜಿನ್ನು ಬಲಗಡೆ. ಎಲ್ಲ ಭಾರವೂ ಒಂದೇ ಪಕ್ಕೆಯಲ್ಲಿ ಇರುವುದರಿಂದ ಅದರ ಮನಸ್ಸು ಸದಾ ಬಲಕ್ಕೆ. ಸವಾರ ಗೊತ್ತಿಲ್ಲದೆಯೇ ತುಸು ಎಡಕ್ಕೆ ಕೂರುವುದನ್ನು ಕಲಿತಿರುತ್ತಿದ್ದ. ಒಂದು ಕಡೆ ತಿರುಗಿ ಕೂತ ಅಮ್ಮನ ಭಾರ ಎಡಕ್ಕೆ ಬಿದ್ದು ಲೆಕ್ಕ ಸರಿಹೋಗುತ್ತದೆ ಎಂದು ಅಪ್ಪ ಹೇಳುತ್ತಿದ್ದರು. ಅದು ಹೊಗಳಿಕೆಯೋ ಭೌತಶಾಸ್ತ್ರವೋ ಅಮ್ಮನಿಗೆ ಖಚಿತವಿರಲಿಲ್ಲ. ಅಮ್ಮನ ಸೆರಗು ಚಕ್ರಕ್ಕೆ ಸಿಕ್ಕದ ಹಾಗೆ ಹಿಂದೆ ಸೀರೆ ಗಾರ್ಡ್ ಇತ್ತು. ಇದು ಶೋಕಿಗಲ್ಲ: ಹಿಂಬದಿ ಸವಾರರಿಗೆ ಹಿಡಿ, ಕಾಲಿಡುವ ಜಾಗ, ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮರೆ ಇರಲೇಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. ಅಂದ ಕೆಡುತ್ತದೆಂದು ಇವನ್ನು ಬಿಚ್ಚಿಸುವ ಹುಡುಗರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವರ ಹಿಂದೆ ದುಪ್ಪಟ್ಟ ಹಾರಿಸುತ್ತ ಕೂತವಳನ್ನು ಕಂಡರೆ ಎದೆ ಝಲ್ಲೆನ್ನುತ್ತದೆ.

ಅಪ್ಪನ ನಿಜವಾದ ಪಾಂಡಿತ್ಯ ತೋರುತ್ತಿದ್ದದ್ದು ಆಗುಂಬೆ ಘಾಟಿಯಲ್ಲಿ. ಹೆಬ್ರಿಯ ಅತ್ತೆ ಮನೆಗೆ ಹೋಗಬೇಕಾದರೆ ಆ ಹದಿನಾಲ್ಕು ತಿರುವು ಇಳಿಯಲೇಬೇಕು. ಪೆಟ್ರೋಲು ಉಳಿಸುವ ಜಾಣರು ಘಾಟಿಯ ತಲೆಯಲ್ಲೇ ಎಂಜಿನ್ ಬಂದ್ ಮಾಡಿ, ನ್ಯೂಟ್ರಲ್ಲಿನಲ್ಲಿ ಜಾರುತ್ತಿದ್ದರು. ಆಗ ಇಡೀ ಸಂಸಾರದ ಭಾರ ಪಾಪದ ಎರಡು ಬ್ರೇಕಿನ ಮೇಲೆ. ಕಾದು ಕಾದು, ಕೊನೆಯ ತಿರುವುಗಳಲ್ಲಿ ಅವು ಹಿಡಿಯುವುದನ್ನೇ ಬಿಡಬಹುದು. ಅಪ್ಪ ಎರಡನೇ ಗೇರಿನಲ್ಲೇ ಇಳಿಸುತ್ತಿದ್ದರು. ಅದರಲ್ಲೂ ಒಂದು ಸೂಕ್ಷ್ಮವಿತ್ತು. ಆಯಿಲ್ ಬರುವುದು ಪೆಟ್ರೋಲಿನ ಜೊತೆಯಲ್ಲಿ ತಾನೆ? ಆಕ್ಸಿಲರೇಟರ್ ಪೂರ್ತಿ ಬಿಟ್ಟು ಇಳಿದರೆ ಎಂಜಿನ್ನು ಜೋರಾಗಿ ತಿರುಗುತ್ತಿದ್ದರೂ ಅದರ ಬಾಯಿಗೆ ಆಯಿಲ್ ಬೀಳುವುದಿಲ್ಲ, ಒಣಗಿ ಕಚ್ಚಿಕೊಳ್ಳಬಹುದು. ಅದಕ್ಕೇ ನಡುನಡುವೆ ಕ್ಲಚ್ ಹಿಡಿದು ಒಮ್ಮೆ 'ಬುರ್ರ್' ಎನಿಸುತ್ತಿದ್ದರು. ಕಾಡಿನ ಮಂಗಗಳು ಅದಕ್ಕೆ ಗೌರವ ಕೊಟ್ಟು ದಾರಿ ಬಿಡುತ್ತಿದ್ದವು ಎಂದು ನಾನು ಬಹಳ ಕಾಲ ನಂಬಿದ್ದೆ.

ಮಳೆಗಾಲದ ಪಾಠಗಳು ಬೇರೆ. ಮೊದಲ ಮಳೆಗೆ ರಸ್ತೆಯ ಮೇಲಿನ ಎಣ್ಣೆಯೆಲ್ಲ ಎದ್ದು ಜಾರುತ್ತದೆ. ನೀರು ತುಂಬಿದ ಹೊಂಡ ದಾಟಿದ ಮೇಲೆ ಬ್ರೇಕನ್ನು ಮೆಲ್ಲಗೆ ಒತ್ತಿ ಒತ್ತಿ ಒಣಗಿಸಿಕೊಳ್ಳಬೇಕು. ತಿರುವಿಗೆ ಮುಂಚೆಯೇ ವೇಗ ಇಳಿಸಬೇಕು, ತಿರುವಿನೊಳಗೆ ಬ್ರೇಕ್ ಮುಟ್ಟಬಾರದು. ಹೊರಡುವ ಮುನ್ನ ಅಪ್ಪ ಎರಡೂ ಟೈರನ್ನು ಹೆಬ್ಬೆರಳಲ್ಲಿ ಒತ್ತಿ ನೋಡುತ್ತಿದ್ದರು. ಹೆಬ್ಬೆರಳನ್ನು ನಂಬಬಾರದು, ಗಾಳಿ ಮೀಟರನ್ನು ನಂಬಬೇಕು ಎಂದು ತಿಳಿದವರು ಹೇಳುತ್ತಾರೆ. ನಾನೂ ಅದನ್ನೇ ಹೇಳುತ್ತೇನೆ. ಆದರೆ ಅವರು ಅಪ್ಪನ ಹೆಬ್ಬೆರಳನ್ನು ನೋಡಿರಲಿಲ್ಲ.

ಒಂದು ಆಯುಧಪೂಜೆ ನೆನಪಾಗುತ್ತದೆ. ಗಾಡಿ ಮಿಂದು, ಹೆಡ್‌ಲೈಟಿಗೆ ಅರಿಶಿನ ಕುಂಕುಮ ಇಡಿಸಿಕೊಂಡು, ಹ್ಯಾಂಡಲ್ಲಿಗೆ ಚೆಂಡುಹೂವಿನ ಹಾರ ಹಾಕಿಸಿಕೊಂಡು, ಚಕ್ರದಡಿ ನಿಂಬೆಹಣ್ಣು ಇಡಿಸಿಕೊಂಡು ಸಜ್ಜಾಗಿತ್ತು. ಮಂಗಳಾರತಿ ಆದ ಮೇಲೆ ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸಬೇಕಲ್ಲ, ಅಪ್ಪ ಒದ್ದರು. ಊಹೂಂ. ವಾಲಿಸಿ ಒದ್ದರು. ಊಹೂಂ. ತೊಳೆಯುವಾಗ ನೀರು ಹೋಗಿ ಪ್ಲಗ್ಗು ಕೂತಿದೆ ಎಂದು ತಕ್ಷಣ ಗೊತ್ತಾಯಿತು. ಆದರೆ ಪ್ಲಗ್ ಪಾನೆ? ಅದೂ ಆಯುಧವೇ ಆದ್ದರಿಂದ ಸ್ಕ್ರೂಡ್ರೈವರು, ಸುತ್ತಿಗೆ, ನನ್ನ ಜಾಮಿಟ್ರಿ ಬಾಕ್ಸುಗಳ ಜೊತೆ ದೇವರ ಮುಂದೆ ಮಣೆಯ ಮೇಲೆ ಕೂತಿತ್ತು.

'ಒಂದೇ ನಿಮಿಷಕ್ಕೆ ಕೊಡೇ, ಬಿಚ್ಚಿ ವಾಪಸ್ ಇಡ್ತೀನಿ.'

'ನಾಳೆ ವಿಜಯದಶಮಿ ಆಗ್ಲಿ ರೀ. ಪೂಜೆಗೆ ಇಟ್ಟಿದ್ದನ್ನ ಇವತ್ತು ಮುಟ್ಟೋ ಹಾಗಿಲ್ಲ.'

'ಅಲ್ಲ ಮಾರಾಯ್ತಿ, ಗಾಡೀದೂ ಪೂಜೆ ತಾನೆ ಆಗಿರೋದು? ಅದನ್ನ ಓಡಿಸಬಹುದಾ?'

'ಅದಕ್ಕೇ ಅದು ಓಡ್ತಾ ಇಲ್ಲ' ಎಂದು ಅಮ್ಮ ಒಳಗೆ ಹೋದರು. ಕೊನೆಗೆ ಅಪ್ಪ ಹಿಂದಿನಿಂದ ತಳ್ಳಿ, ನಾನು ಹ್ಯಾಂಡಲ್ ಹಿಡಿದು, ನಿಂಬೆಹಣ್ಣನ್ನು ಮನುಷ್ಯಬಲದಲ್ಲೇ ಒಡೆದೆವು.

ಆಮೇಲೆ ಗಾಡಿಗಳ ಸ್ವಭಾವ ಬದಲಾಯಿತು. ಗೇರಿಲ್ಲದ, ಗುಂಡಿ ಒತ್ತಿದರೆ ಹೊರಡುವ ಸ್ಕೂಟರುಗಳು ಬಂದವು. ಹಳೇ ಚೇತಕ್ ತಯಾರಾಗುವುದು 2005ರ ಕೊನೆಗೆ ನಿಂತೇಹೋಯಿತು. ಈಗ ನನ್ನ ಬಳಿ ಇರುವ ಸ್ಕೂಟರಿನ ಪ್ಲಗ್ಗು ಎಲ್ಲಿದೆಯೋ ನಾನು ನೋಡಿಲ್ಲ, ನೋಡಬೇಕಾಗಿಯೂ ಬಂದಿಲ್ಲ. ಅದು ಏನೂ ಕೇಳುವುದಿಲ್ಲ. ಕೇಳದವರಿಗೆ ನಾವೂ ಏನೂ ಕೊಡುವುದಿಲ್ಲ. ಒಳಗೆ ಗೇರಿನ ಬದಲು ತಿರುಗುವ ರಬ್ಬರ್ ಬೆಲ್ಟು ಸದ್ದಿಲ್ಲದೆ ಸವೆಯುತ್ತಿರುತ್ತದೆ. ಕಿಲೋಮೀಟರ್ ನೋಡಿ ಬದಲಿಸದಿದ್ದರೆ ಒಂದು ದಿನ ನಡುರಸ್ತೆಯಲ್ಲಿ ತುಂಡಾಗಿ, ಎಂಜಿನ್ನು ಕೂಗುತ್ತಿದ್ದರೂ ಗಾಡಿ ನಿಂತಿರುತ್ತದೆ. ಆಯಿಲ್ ಮುಕ್ಕಾಲು ಲೀಟರಿನಷ್ಟಿದ್ದರೆ ಹೆಚ್ಚು, ಅದೂ ಕರಗುತ್ತಿರುತ್ತದೆ. ಟೈರಿನ ಗೀರಿನ ಆಳ ಸವೆದು 0.8 ಮಿಲಿಮೀಟರಿಗಿಂತ ಕಡಿಮೆಯಾದರೆ ಕಾನೂನೇ ಒಪ್ಪುವುದಿಲ್ಲ. ಆದರೆ ಬಗ್ಗಿ ನೋಡಲು ಭಾನುವಾರ ಯಾರಿಗಿದೆ? ಭಾನುವಾರ ನಾವು ಗಾಡಿಯನ್ನು ಒರೆಸುವುದೂ ಇಲ್ಲ. ಬನಿಯನ್ನುಗಳು ಮಾತ್ರ ಯಥಾಪ್ರಕಾರ ಹರಿಯುತ್ತಿವೆ.

ಮಗಳಿಗೆ ಲೈಸೆನ್ಸ್ ಬಂದಾಗ ನನ್ನೊಳಗಿನ ಕಾಂಪೌಂಡರ್ ಎದ್ದು ಕೂತ. ಮುಂದಿನ ಬ್ರೇಕಿಗೆ ಹೆದರಬೇಡ, ಗಾಡಿ ನಿಲ್ಲುವುದು ಮುಖ್ಯವಾಗಿ ಅದರಿಂದಲೇ. ಎರಡನ್ನೂ ಒಟ್ಟಿಗೆ, ಮೆಲ್ಲಗೆ ಒತ್ತು ಎಂದೆ. 'ಅಪ್ಪ, ಎಡಗಡೆದು ಒತ್ತಿದ್ರೆ ಎರಡೂ ಹಿಡಿಯುತ್ತೆ, ಕಾಂಬಿ ಬ್ರೇಕ್' ಎಂದಳು. ನಿಜ, 2019ರಲ್ಲಿ ಸಣ್ಣ ಗಾಡಿಗಳಿಗೆಲ್ಲ ಅದು ಇಲ್ಲವೇ ಎಬಿಎಸ್ ಬ್ರೇಕು ಕಡ್ಡಾಯವಾಯಿತು. ಸೈಡ್ ಸ್ಟ್ಯಾಂಡ್ ಮರೆಯಬೇಡ ಎಂದೆ. 'ಅದು ಕೆಳಗಿದ್ರೆ ಎಂಜಿನ್ನೇ ಸ್ಟಾರ್ಟ್ ಆಗಲ್ಲ.' ಹೆಡ್‌ಲೈಟು? 'ಅದು ಯಾವಾಗ್ಲೂ ಉರೀತಾನೇ ಇರುತ್ತೆ.' ನನ್ನ ಉಪದೇಶವನ್ನೆಲ್ಲ ಕಂಪನಿಯವರು ಮೊದಲೇ ಗಾಡಿಯೊಳಗೆ ತುರುಕಿ ಕಳಿಸಿದ್ದರು. ಹೆಲ್ಮೆಟ್ಟಿನ ಪಟ್ಟಿ ಬಿಗಿ ಮಾಡಿಕೋ ಎಂಬುದೊಂದೇ ನನ್ನ ಪಾಲಿಗೆ ಉಳಿದ ಮಾತು. ಅದನ್ನು ಎರಡು ಸಲ ಹೇಳಿದೆ. ಅವಳ ಗೆಳತಿಯರು ಹೆಲ್ಮೆಟ್ಟನ್ನು ಮೊಣಕೈಗೆ ತೊಟ್ಟುಕೊಂಡು ಹೋಗುವುದನ್ನು ನೋಡಿದ್ದೇನೆ.

ಈಚೆಗೆ ಅವಳಿಗೆ ವಿದ್ಯುತ್ ಸ್ಕೂಟರು ಬೇಕಾಯಿತು. ಚೇತಕ್ ಎಂಬ ಹೆಸರೇ ಈಗ ಹೊಗೆ ಬಿಡದ ಗಾಡಿಯಾಗಿ ಮರಳಿ ಬಂದಿದೆಯೆಂದರೆ ಇನ್ನೇನು ಹೇಳುವುದು! ಒಂದು ಶೋರೂಮಿಗೆ ಹೊರಟೆವು, ಅಪ್ಪ ತಾವೂ ಬರುತ್ತೇನೆಂದು ಹೊರಟರು. ಎಂಬತ್ತು ದಾಟಿದ ವಯಸ್ಸು, ಕೈಯಲ್ಲಿ ಕೋಲು. ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಸೇಲ್ಸ್ ಹುಡುಗನನ್ನು ವಿಚಾರಿಸಿಕೊಂಡರು.

'ಇದಕ್ಕೆ ಲೀಟರಿಗೆ ಆಯಿಲ್ ಎಷ್ಟಪ್ಪಾ?'

'ಎಂಜಿನ್ ಆಯಿಲ್ ಇಲ್ವೇ ಇಲ್ಲ ಸಾರ್.'

'ಪ್ಲಗ್ಗು?'

'ಇದೆ ಸಾರ್. ಮನೇಲಿ ಗೋಡೆಗೆ ಚುಚ್ಚಿ ಚಾರ್ಜ್ ಮಾಡಬಹುದು.'

ಅಪ್ಪ ಗಂಭೀರವಾಗಿ ತಲೆಯಾಡಿಸಿದರು. ಕೋಲನ್ನು ನನ್ನ ಕೈಗೆ ಕೊಟ್ಟು, ಸೀಟು ಹಿಡಿದು ಕಷ್ಟಪಟ್ಟು ಬಗ್ಗಿ, ಹಿಂದಿನ ಟೈರನ್ನು ಹೆಬ್ಬೆರಳಲ್ಲಿ ಒತ್ತಿದರು. 'ಗಾಳಿ ಕಮ್ಮಿ ಇದೆ' ಎಂದರು. ಹುಡುಗ ನಕ್ಕು, ಶೋರೂಮ್ ಗಾಡಿ ಸಾರ್, ಎಲ್ಲ ಚೆಕ್ ಆಗಿರುತ್ತೆ ಎಂದ. ಅಪ್ಪ ಎದ್ದೇಳಲಿಲ್ಲ. ಅವನು ಬೇರೆ ದಾರಿ ಕಾಣದೆ ಮೀಟರ್ ತಂದು ಹಿಡಿದ, ಮುಳ್ಳು ನೋಡಿದ, ಮತ್ತೊಮ್ಮೆ ಹಿಡಿದ. ಆಮೇಲೆ ಪಂಪು ಎಲ್ಲಿದೆ ಎಂದು ಒಳಗಿನವರನ್ನು ಕೂಗಿ ಕೇಳತೊಡಗಿದ. ಅಷ್ಟರಲ್ಲಿ ಮಗಳು ಬಣ್ಣ ಆರಿಸಿಯಾಗಿತ್ತು.